ಗೋಡೆಗೆ ಹೊಟ್ಟೆ ಬಂದ ಕಥೆ

ಗೋಡೆ ಬಿದ್ದದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನವೆಂಬರಿನ ಒಂದು ರಾತ್ರಿ ಸಮುದ್ರದ ಕಡೆಯಿಂದ ಹಿಡಿದ ಮಳೆ ಬೆಳಗಾದರೂ ಬಿಡಲಿಲ್ಲ. ಕೊಡೆ ಹಿಡಿದು ಹೋಗಿ ನೋಡಿದರೆ, ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟದ ಮೂರನೇ ತಟ್ಟಿನಲ್ಲಿ ಏಳು ಮೀಟರ್ ಉದ್ದಕ್ಕೆ ಗೋಡೆಯೇ ಇಲ್ಲ. ಕಲ್ಲು, ಮಣ್ಣು, ನಾನು ಸೆಪ್ಟೆಂಬರಿನಲ್ಲಿ ನೆಟ್ಟ ಗಿಡ, ನೀರಿನ ಕಪ್ಪು ಪೈಪು ಎಲ್ಲ ಕಲಸಿಕೊಂಡು ಕೆಳಗಿನ ತಟ್ಟಿನ ನಿಂಬೆ ಗಿಡಗಳ ಮೇಲೆ ಕೂತಿತ್ತು. ಮೇಸ್ತ್ರಿ ಆಗಲೇ ಬಂದು ನಿಂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಒಂದು ಕಲ್ಲೆತ್ತಿ ತಿರುಗಿಸಿ ನೋಡಿ, "ಇದು ಒಡೆದಿಲ್ಲ, ಮತ್ತೆ ಬರುತ್ತದೆ" ಅಂತ ಪಕ್ಕಕ್ಕಿಟ್ಟರು. ಬೈದಿದ್ದರೆ ವಾಸಿಯಿತ್ತು.

ಇದು ಇಟಲಿಯ ಲಿಗೂರಿಯಾ ಕರಾವಳಿ. ಸಾನ್ ರೆಮೊ ಮತ್ತು ಬೋರ್ದಿಗೇರಾ ನಡುವೆ, ಸಮುದ್ರಕ್ಕೆ ಮುಖ ಮಾಡಿದ ಗುಡ್ಡದಲ್ಲಿ ಒಂದು ಹಳೇ ವಿಲ್ಲಾ, ಅದರ ಕೆಳಗೆ ಏಳು ತಟ್ಟಿನ ತೋಟ. ನಾನು ಪುತ್ತೂರು ಕಡೆಯವಳು. ಅಪ್ಪನದು ಅಡಿಕೆ ತೋಟ, ಅಂಚಿಗೆ ತೆಂಗು. ಊರಲ್ಲಿ ತೋಟಗಾರಿಕೆ ಓದಿದ್ದೆ. ಗಂಡನ ಕೆಲಸದ ಹಿಂದೆ ಜಿನೋವಾಕ್ಕೆ ಬಂದ ಮೇಲೆ ಎರಡು ವರ್ಷ ಸುಮ್ನೆ ಕೂತು, ಆಮೇಲೆ ಹಳೆಯ ತೋಟಗಳನ್ನು ಸರಿಪಡಿಸುವ ಒಂದು ಸಣ್ಣ ತಂಡ ಸೇರಿದೆ. ನಾಲ್ಕು ಜನ, ಒಂದು ಪುಟ್ಟ ವ್ಯಾನು, ಅಷ್ಟೇ.

ತಟ್ಟಿಗೆ ಇಲ್ಲಿ ಫಾಶಾ ಎನ್ನುತ್ತಾರೆ. ಪಟ್ಟಿ ಅಂತ ಅರ್ಥ. ಸಮುದ್ರದಲ್ಲಿ ದೋಣಿ ಮೇಲೆ ಕೂತು ನೋಡಿದರೆ ಗುಡ್ಡಕ್ಕೆ ಬಟ್ಟೆಯ ಪಟ್ಟಿ ಸುತ್ತಿದ ಹಾಗೇ ಕಾಣುತ್ತದೆ. ಸಮತಟ್ಟು ನೆಲ ಎಂಬುದೇ ಇಲ್ಲದ ಊರು ಇದು. ಒಂದು ಹಿಡಿ ಮಣ್ಣು ನಿಲ್ಲಬೇಕಾದರೂ ಕಲ್ಲು ಕಟ್ಟಬೇಕು. ಹಾಗೆ ಕಟ್ಟಿದವರು ರೈತರು. ಆಲಿವ್, ನಿಂಬೆ, ದ್ರಾಕ್ಷಿ ಬೆಳೆದವರು. ವಿಲ್ಲಾಗಳು ಬಂದದ್ದು ಎಷ್ಟೋ ಕಾಲದ ಮೇಲೆ. 1872ರಲ್ಲಿ ಈ ಕರಾವಳಿಗುಂಟ ವೆಂತಿಮಿಲ್ಯಾದವರೆಗೆ ರೈಲು ಬಂತು. ಅದರ ಹಿಂದೆಯೇ ಇಂಗ್ಲಿಷರು, ಜರ್ಮನರು, ರಷ್ಯನರು ಚಳಿ ತಪ್ಪಿಸಿಕೊಳ್ಳಲು ಬಂದರು. ಶಾಂಘೈಯಲ್ಲಿ ವ್ಯಾಪಾರ ಮಾಡಿ ದುಡ್ಡು ಮಾಡಿದ್ದ ಥಾಮಸ್ ಹ್ಯಾನ್‌ಬರಿ ರೈಲಿಗೂ ಕಾಯಲಿಲ್ಲ. 1867ರಲ್ಲೇ ಲಾ ಮೋರ್ತೊಲಾ ಎಂಬಲ್ಲಿ ಗುಡ್ಡ ಕೊಂಡು, ದೇಶ ದೇಶದ ಗಿಡ ತರಿಸಿ ತೋಟ ಮಾಡಿದ. ಅದನ್ನು ಈಗ ಜಿನೋವಾ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1884ರಲ್ಲಿ ಬೋರ್ದಿಗೇರಾಕ್ಕೆ ಬಂದು ಇಲ್ಲಿನ ತಾಳೆ, ಆಲಿವ್ ಮರಗಳನ್ನು ಬರೆದ. ನಮ್ಮ ವಿಲ್ಲಾ ಆ ಕಾಲದ್ದೇ, ಅಷ್ಟು ಹೆಸರಿನದಲ್ಲ. ರೈತರು ಬಿಟ್ಟು ಹೋದ ತಟ್ಟುಗಳ ಮೇಲೆ ಯಾರೋ ಒಂದು ಇಂಗ್ಲಿಷ್ ಕುಟುಂಬ ಹೂತೋಟ ಮಾಡಿತು, ಅಷ್ಟೇ. ಅಂದರೆ ಗೋಡೆಗಳಿಗೆ ಮನೆಗಿಂತ ವಯಸ್ಸು ಜಾಸ್ತಿ. ಈ ಸಣ್ಣ ಲೆಕ್ಕ ನನಗೆ ಮೊದಲೇ ಹೊಳೆಯಬೇಕಿತ್ತು.

ನಾವು ಮೊದಲ ಸಲ ಹೋದಾಗ ಗೋಡೆ ಕಾಣುತ್ತಲೇ ಇರಲಿಲ್ಲ. ಮುಳ್ಳುಪೊದೆ ಮೇಲಿಂದ ಕೆಳಗೆ ಜಲಪಾತದ ಹಾಗೆ ಸುರಿದಿತ್ತು. ನಡುನಡುವೆ ಐಲಾಂತುಸ್ ಮರ. ಚೀನಾದಿಂದ ಬಂದದ್ದು, ಈಗ ಯುರೋಪಿಗೆಲ್ಲ ತಲೆನೋವು. ಕಡಿದರೆ ಬುಡದ ಸುತ್ತ ಹತ್ತು ಚಿಗುರು. ಬೇರು ಗೋಡೆಯ ಸಂದಿಗೆ ಇಳಿದರೆ ಕಲ್ಲನ್ನೇ ಎಬ್ಬಿಸುತ್ತದೆ. ಯಂತ್ರ ಇಳಿಸಲು ದಾರಿ ಇಲ್ಲ, ಇರುವುದೆಲ್ಲ ಮೆಟ್ಟಿಲು. ಕತ್ತಿ, ಗರಗಸ, ದಪ್ಪ ಕೈಗವಸು ಹಿಡಿದು ಐದು ವಾರ ಬರೀ ಸವರಿದೆವು.

ಸವರುತ್ತಾ ಹೋದ ಹಾಗೆ ತೋಟ ಒಂದೊಂದೇ ಹೊರಗೆ ಬಂತು. ಐದನೇ ತಟ್ಟಿನಲ್ಲಿ ಒಂದು ಚಪ್ಪರದ ಸಾಲು ಕಂಬ, ಸುಣ್ಣ ಬಳಿದದ್ದು. ಮೇಲಿನ ಮರದ ಗಳಗಳೆಲ್ಲ ಪುಡಿಪುಡಿ. ನಾಲ್ಕರಲ್ಲಿ ಕಾಲುದಾರಿಯ ಮಣ್ಣು ಕೆರೆದರೆ ಕಪ್ಪು ಬಿಳುಪು ಬೆಣಚುಕಲ್ಲು ಕೂರಿಸಿದ ಚಿತ್ತಾರ. ಇದಕ್ಕೆ ಜಿನೋವಾ ಕಡೆ ರಿಸ್ಸೋ ಎನ್ನುತ್ತಾರೆ, ಹಳೇ ಚರ್ಚುಗಳ ಅಂಗಳದಲ್ಲೂ ಇರುತ್ತದೆ. ಅಲ್ಲಲ್ಲಿ ಹಲ್ಲು ಉದುರಿದ ಹಾಗೆ ಕಲ್ಲು ಹೋಗಿತ್ತು. ಕೆಳಗೇ ಸಮುದ್ರ, ದಂಡೆ ತುಂಬ ಅಂಥದೇ ಬೆಣಚು. ನಾಲ್ಕು ಬುಟ್ಟಿ ತಂದರೆ ಮುಗಿಯಿತು ಎಂದು ನಾನು. ಇಟಲಿಯಲ್ಲಿ ಕಡಲ ದಂಡೆಯ ಕಲ್ಲು, ಮರಳು ಎತ್ತುವ ಹಾಗಿಲ್ಲವಂತೆ. ದಂಡ ಶುರುವಾಗುವುದೇ 1,549 ಯೂರೋದಿಂದ. ಹಾಗಾಗಿ ಆ ಮಣ್ಣನ್ನೆಲ್ಲ ಜರಡಿ ಹಿಡಿದು, ಉದುರಿದ ಕಲ್ಲನ್ನೇ ಹೆಕ್ಕಿ ತೊಳೆದು ಇಟ್ಟೆವು. ಕಪ್ಪು ಒಂದು ಬುಟ್ಟಿ, ಬಿಳಿ ಎರಡು.

ಇಂಥ ತೋಟದಲ್ಲಿ ಮನಸ್ಸಿಗೆ ಬಂದದ್ದು ಮಾಡುವಂತಿಲ್ಲ. 2004ರ ಪರಂಪರೆ ಕಾಯ್ದೆಯಲ್ಲಿ ಚರಿತ್ರೆಯ ಬೆಲೆಯುಳ್ಳ ವಿಲ್ಲಾ, ಉದ್ಯಾನ, ತೋಟಗಳನ್ನೂ ಹೆಸರಿಸಿ ಸೇರಿಸಿದ್ದಾರೆ. ಒಂದು ಮರ ಕಡಿಯಲೂ ಒಪ್ಪಿಗೆ ಬೇಕು. ಪ್ರತಿ ತಟ್ಟಿನ ಅಳತೆ, ಗೋಡೆಯ ಫೋಟೊ, ಗಿಡಗಳ ಪಟ್ಟಿ, ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ, ಯಾಕೆ, ಎಲ್ಲ ಬರೆದುಕೊಡಬೇಕು. ಕಟ್ಟಡವಾದರೆ ಅದು ಇದ್ದ ಹಾಗೇ ನಿಂತಿರುತ್ತದೆ. ತೋಟ ಹಾಗಲ್ಲ, ಬೆಳೆಯುತ್ತದೆ, ಸಾಯುತ್ತದೆ. 1981ರಲ್ಲಿ ಫ್ಲಾರೆನ್ಸಿನಲ್ಲಿ ತಜ್ಞರು ಸೇರಿ ಹಳೆಯ ತೋಟಗಳಿಗೆಂದೇ ಒಂದು ಸನ್ನದು ಬರೆದರು. ಅದರಲ್ಲಿ ತೋಟವನ್ನು ಜೀವಂತ ಸ್ಮಾರಕ ಎಂದು ಕರೆದಿದ್ದಾರೆ. ಓದಲು ಚಂದ. ಆದರೆ ನಮ್ಮ ಮುಂದಿದ್ದ ಪ್ರಶ್ನೆ ಬೇರೆ: ಯಾವ ಕಾಲದ ತೋಟವನ್ನು ಉಳಿಸುವುದು? ಇಂಗ್ಲಿಷರದ್ದೋ, ನಡುವೆ ಕೈ ಬದಲಾದಾಗ ಯಾರೋ ಹಾಕಿದ ಸಿಮೆಂಟು ಕಾರಂಜಿಯದ್ದೋ, ಅದಕ್ಕೂ ಹಿಂದಿನ ಆಲಿವ್ ರೈತರದ್ದೋ? ಒಡತಿಯ ಹತ್ತಿರ ಒಂದು ಹಳೇ ಅಂಚೆ ಕಾರ್ಡಿತ್ತು. ಅದರಲ್ಲಿ ಐದನೇ ತಟ್ಟಿನ ಚಪ್ಪರ, ಮೂರು ಕ್ಯಾನರಿ ತಾಳೆ ಮರ, ಬಿಳಿ ಟೊಪ್ಪಿಯ ಒಬ್ಬ ಹೆಂಗಸು. ಆ ಕಾರ್ಡೇ ನಮಗೆ ಪಂಚಾಂಗವಾಯಿತು. ಕಾಗದಪತ್ರ ಮುಗಿಯಲು ಒಂದು ಚಳಿಗಾಲ ಪೂರ್ತಿ ಹೋಯಿತು. ತಡವಾದದ್ದು ನಮ್ಮ ನಕ್ಷೆಯಿಂದಲೇ, ಎರಡು ತಟ್ಟಿನ ಎತ್ತರ ತಪ್ಪಾಗಿ ಅಳೆದಿದ್ದೆವು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಒಡತಿ ಇಲ್ಲಿಗೆ ಬರುವುದು ಆಗಸ್ಟಿನಲ್ಲಿ. ಅವರಿಗೆ ಆಗಸ್ಟಿನಲ್ಲಿ ಹೂ ಬೇಕು. ಇಲ್ಲಿ ಬೇಸಿಗೆಯಲ್ಲಿ ಮಳೆಯಿಲ್ಲ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಆಕಾಶ ತೊಳೆದಿಟ್ಟ ತಟ್ಟೆ. ನಮ್ಮ ಜೂನ್ ಜುಲೈ ನೆನೆದರೆ ನಗು ಬರುತ್ತದೆ. ಹೂ ಬೇಕಾದರೆ ನೀರು ಬೇಕು, ನೀರಿಗೆ ಪೈಪು ಬೇಕು. ಮೂರನೇ ತಟ್ಟಿನಲ್ಲಿ ಮುಖ್ಯ ಪೈಪು ಹಾಯಿಸಲು ಗೋಡೆಯ ಬೆನ್ನಿಗೇ ಒಂದು ಚರಂಡಿ ತೋಡಿದೆ. ಅಲ್ಲಿ ತೋಡಿದರೆ ಗಿಡದ ಬೇರಿಗೆ ಏಟಾಗುವುದಿಲ್ಲ ಎಂಬ ಲೆಕ್ಕ. ಹಾರೆ ಹಾಕಿದರೆ ಬರೀ ಚೂರುಗಲ್ಲು. ಮುಷ್ಟಿ ಗಾತ್ರದ್ದು, ಅದಕ್ಕಿಂತ ಚಿಕ್ಕದು, ಮಣ್ಣಿನ ಸೋಂಕಿಲ್ಲದೆ ಒಂದೂವರೆ ಅಡಿ ಅಗಲಕ್ಕೆ ತುಂಬಿಕೊಂಡಿತ್ತು. ಹಿಂದೆ ಕಟ್ಟಿದವರು ಮಿಕ್ಕ ಕಲ್ಲನ್ನು ಇಲ್ಲಿ ಸುರಿದು ಹೋಗಿದ್ದಾರೆ ಅಂದುಕೊಂಡೆ. ಅದನ್ನೆಲ್ಲ ತೆಗೆದು ಮೇಲಿನ ಕಾಲುದಾರಿಗೆ ಹಾಸಿದೆ. ಚರಂಡಿಗೆ ಪೈಪು ಇಟ್ಟು, ಒಳ್ಳೆ ಕಾಂಪೋಸ್ಟ್ ಬೆರೆಸಿದ ನಯ ಮಣ್ಣು ತುಂಬಿ, ತುಳಿದು, ಗಿಡ ನೆಟ್ಟೆ. ಎಷ್ಟು ಚೊಕ್ಕ ಕೆಲಸ ಅಂತ ಫೋಟೊ ತೆಗೆದು ಅಪ್ಪನಿಗೂ ಕಳಿಸಿದ್ದೆ. ಮೇಸ್ತ್ರಿ ಆಗ ಬೇರೆ ಊರಿನ ಕೆಲಸದಲ್ಲಿದ್ದರು.

ಅಕ್ಟೋಬರಿನಲ್ಲಿ ಬಂದವರು ಗೋಡೆಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಿದರು. "ಹಾ ಫಾತ್ತೊ ಲಾ ಪಾಂಚಾ" ಅಂದರು. ಹೊಟ್ಟೆ ಬಂದಿದೆ ಎಂದು. ನಮ್ಮಲ್ಲೂ ಕಲ್ಲು ಕಟ್ಟುವವರು ಇದೇ ಮಾತು ಹೇಳುವುದು, ಗೋಡೆಗೆ ಹೊಟ್ಟೆ ಬಂತು ಅಂತ! ಅವರ ಕೈ ಹೊಟ್ಟೆಯ ಮುಂದೆ ಉರುಟಾಗಿ ಆಡಿದ್ದು ನೋಡಿದರೆ ಭಾಷೆಯೇ ಬೇಡ. ಎರಡು ಮೊಳೆ ಹೊಡೆದು ದಾರ ಎಳೆದರು. ನಡುಭಾಗ ನಾಲ್ಕು ಬೆರಳು ಮುಂದೆ ಬಂದಿತ್ತು. ಹಿಂದಿನ ಮಣ್ಣು ಈಗಲೇ ಖಾಲಿ ಮಾಡು ಅಂದರು. ಗಿಡ ಬೇರು ಬಿಡುತ್ತಿದೆ, ಮಳೆಗಾಲ ಕಳೆಯಲಿ ಅಂತ ನಾನು. ಮಳೆಗಾಲ ಕಳೆಯಲೆಂದು ಗೋಡೆ ಕಾಯಲಿಲ್ಲ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಪರದೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು. "ಅಲ್ಲ ಮಾರಾಯ್ತಿ, ಕಲ್ಲು ತೆಗೆದು ಮಣ್ಣು ತುಂಬಿದರೆ ನೀರು ಎಲ್ಲಿಗೆ ಹೋಗುವುದು? ನಮ್ಮ ತೋಟದ ನೀರು ಹೋಗುವ ಕಣಿ ನೋಡಿಯೇ ದೊಡ್ಡವಳಾದವಳಲ್ವಾ ನೀನು?"

ಅಷ್ಟೇ ವಿಷಯ. ಇಲ್ಲಿನ ಗೋಡೆಗೆ ಗಾರೆ ಇಲ್ಲ, ಸಿಮೆಂಟಿಲ್ಲ. ಒಣ ಗೋಡೆ ಎಂದೇ ಹೆಸರು. ಎದುರಿಗೆ ಕಾಣುವುದು ಮುಖದ ಕಲ್ಲು. ಅದರ ಬೆನ್ನಿಗೆ ಚೂರುಗಲ್ಲಿನ ಪದರ, ಅದರಾಚೆಗೆ ಮಣ್ಣು. ಮಳೆ ನೀರು ಮಣ್ಣಿನಿಂದ ಚೂರುಗಲ್ಲಿಗೆ ಬಂದು, ಸರಸರ ಕೆಳಗಿಳಿದು, ಮುಖದ ಸಂದುಗಳಿಂದ ಹೊರಗೆ ಹೋಗುತ್ತದೆ. ಆ ಪದರ ತೆಗೆದರೆ ನೀರು ಮಣ್ಣಲ್ಲೇ ನಿಂತು, ಮಣ್ಣು ಭಾರವಾಗಿ ಮುಂದಕ್ಕೆ ಒತ್ತುತ್ತದೆ. ಸಿಮೆಂಟು ಮೆತ್ತಿ ಗಟ್ಟಿ ಮಾಡಿದರೂ ಇದೇ ಗತಿ. ಆರನೇ ತಟ್ಟಿನಲ್ಲಿ ಹಿಂದೆ ಯಾರೋ ಹಾಗೆ ಮಾಡಿದ್ದರು. ಸಿಮೆಂಟು ಬಳಿದ ಭಾಗ ಹಲಗೆಯ ಹಾಗೆ ಇಡಿಯಾಗಿ ವಾಲಿ ನಿಂತಿತ್ತು. ಮೇಸ್ತ್ರಿ ಹೇಳುವುದು ಒಂದೇ: ಗೋಡೆ ಇರುವುದು ಮಣ್ಣು ಹಿಡಿಯಲು, ನೀರನ್ನು ಬಿಟ್ಟುಬಿಡಬೇಕು.

ಮತ್ತೆ ಕಟ್ಟಲು ಶುರು ಮಾಡಿದ್ದು ಜನವರಿಯಲ್ಲಿ. ನನ್ನನ್ನು ಕೈಯಾಳಾಗಿ ಹಾಕಿಕೊಳ್ಳಿ ಅಂತ ನಾನೇ ಕೇಳಿಕೊಂಡೆ. ಮೊದಲ ನಾಲ್ಕು ದಿನ ಒಂದು ಕಲ್ಲೂ ಇಡಲಿಲ್ಲ. ಬಿದ್ದದ್ದನ್ನೆಲ್ಲ ಬಿಡಿಸಿ ನಾಲ್ಕು ರಾಶಿ ಮಾಡಿದೆವು: ಅಡಿಪಾಯದ ದೊಡ್ಡವು, ಮುಖಕ್ಕೆ ಬರುವವು, ಉದ್ದನೆಯವು, ಚೂರು. ಕಾಲುದಾರಿಗೆ ಹಾಸಿದ್ದ ಚೂರುಗಲ್ಲನ್ನು ನಾನೇ ಬುಟ್ಟಿಯಲ್ಲಿ ಹೊತ್ತು ವಾಪಸು ತಂದೆ. ಅದೂ ಒಂದು ಪ್ರಾಯಶ್ಚಿತ್ತ ಅನ್ನಿ. ಆಮೇಲೆ ಗಟ್ಟಿ ನೆಲ ಸಿಗುವವರೆಗೆ ಅಗೆತ. ಎರಡೂ ತುದಿಗೆ ಒಳಕ್ಕೆ ವಾಲಿದ ಮರದ ಚೌಕಟ್ಟು ನಿಲ್ಲಿಸಿ ದಾರ ಕಟ್ಟಿದರು. ಗೋಡೆ ನೆಟ್ಟಗೆ ನಿಲ್ಲಬಾರದು, ಗುಡ್ಡಕ್ಕೆ ಒರಗಬೇಕು. ನಮ್ಮದು ಎರಡೂಕಾಲು ಮೀಟರ್ ಎತ್ತರ, ತಲೆ ಬುಡಕ್ಕಿಂತ ಒಂದು ಗೇಣಿನಷ್ಟು ಹಿಂದೆ.

ನಾನು ಇಟ್ಟ ಮೊದಲ ಕಲ್ಲನ್ನು ಅವರು ಮೂರು ಸಲ ತೆಗೆದರು. ಇಲ್ಲಿಯ ಕಲ್ಲು ಬೂದು ಬಣ್ಣದ್ದು, ಪದರ ಪದರವಾಗಿ ಒಡೆಯುತ್ತದೆ, ಒಂದು ಮುಖ ಹಲಗೆಯಂತೆ ಸಪಾಟು. ಆ ಅಗಲದ ಮುಖ ಹೊರಗೆ ಕಾಣುವ ಹಾಗೆ ನಾನು ಇಟ್ಟಿದ್ದೆ. ನೋಡಲು ಚಂದ, ಜಾಗವೂ ಬೇಗ ತುಂಬುತ್ತದೆ. ತೆಗೆದರು. ಎರಡನೇ ಸಲ ಕಲ್ಲಿನ ಉದ್ದವನ್ನು ಒಳಕ್ಕೆ ಮಾಡಿ ಇಟ್ಟೆ, ಆದರೆ ಕೆಳಗಿನ ಸಂದಿನ ಮೇಲೆಯೇ ಸಂದು ಬಂತು. ತೆಗೆದರು. ಮೂರನೇ ಸಲ ಎಲ್ಲ ಸರಿ ಅಂದುಕೊಂಡರೆ, ಅದರ ಮೇಲೆ ಬೂಟುಗಾಲಿಟ್ಟು ಅಲ್ಲಾಡಿಸಿದರು. ಕೂದಲೆಳೆಯಷ್ಟು ಆಡಿತು. ತೆಗೆದರು. ಒಂದು ಕಲ್ಲು ಎರಡರ ಮೇಲೆ ಕೂರಬೇಕು, ಎರಡು ಕಲ್ಲು ಒಂದರ ಮೇಲೆ. ಉದ್ದ ಗುಡ್ಡದೊಳಕ್ಕೆ, ಗಿಡ್ಡ ಮುಖ ಹೊರಕ್ಕೆ. ಆಡುವ ಕಲ್ಲಿಗೆ ಬೆನ್ನಿನಿಂದ ಚಕ್ಕೆ ಬಡಿಯಬೇಕು, ಮುಂದಿನಿಂದ ಬಡಿದ ಚಕ್ಕೆ ಒಂದು ದಿನ ಉದುರಿ ಹೋಗುತ್ತದೆ. ಒಂದು ವರಸೆ ಮುಖ ಎದ್ದರೆ ಒಂದು ವರಸೆ ಚೂರುಗಲ್ಲು ಹಿಂದೆ, ಕೈಯಲ್ಲೇ ಜೋಡಿಸಿ. ಸುರಿಯುವ ಹಾಗಿಲ್ಲ. ಮತ್ತೆ, ಕೈಗೆತ್ತಿದ ಕಲ್ಲನ್ನು ಕೆಳಗಿಡಬಾರದಂತೆ, ಅದಕ್ಕೆ ಜಾಗ ಹುಡುಕಲೇಬೇಕಂತೆ. ಇದು ನನ್ನಿಂದ ಕೊನೆಗೂ ಆಗಲಿಲ್ಲ. ಅವರು ಮಾತ್ರ ಕಲ್ಲು ಎತ್ತುವ ಮೊದಲೇ ಜಾಗ ನೋಡಿಟ್ಟಿರುತ್ತಿದ್ದರು.

ಇಬ್ಬರು ಸೇರಿ ದಿನಕ್ಕೆ ಒಂದೂವರೆ ಚದರ ಮೀಟರ್ ಎದ್ದರೆ ಆವತ್ತು ಹಬ್ಬ. ಎಲ್ಲ ಸೇರಿ ಇಪ್ಪತ್ತೆರಡು ದಿನ ಹಿಡಿಯಿತು. ನಾನು ಗುಂಡಿ ತೋಡಿ ಅದನ್ನು ಕೆಡಿಸಲು ತೆಗೆದುಕೊಂಡದ್ದು ಒಂದೂವರೆ ದಿನ.

ಈ ಕಲ್ಲು ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಲಿ, ಫ್ರಾನ್ಸ್, ಸ್ಪೇನ್, ಗ್ರೀಸ್, ಕ್ರೊಯೇಷಿಯಾ, ಸೈಪ್ರಸ್, ಸ್ಲೊವೇನಿಯಾ, ಸ್ವಿಟ್ಜರ್‌ಲ್ಯಾಂಡ್, ಎಂಟು ದೇಶ ಸೇರಿ ಕೇಳಿದ್ದು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಮೇಸ್ತ್ರಿಗೆ ಹೇಳಿದೆ. ಗೊತ್ತು ಅಂದರು. "ಕಾಗದ ಬಂತು, ಕಲಿಯಲು ಹುಡುಗರು ಬರಲಿಲ್ಲ." ಅವರ ಮಗ ಮಿಲಾನಿನಲ್ಲಿ ಬ್ಯಾಂಕಿನಲ್ಲಿದ್ದಾನೆ. ಅವರಿಗೆ ನಾನು ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ವಿಷಯ ಹೇಳಿದೆ. ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು, ತಟ್ಟು ಮಾಡಿ ತೋಟ ಎಬ್ಬಿಸಿದವರು, 2022ರಲ್ಲಿ ಪದ್ಮಶ್ರೀ ಬಂತು ಎಂದು. ಫೋನಿನಲ್ಲಿ ಅವರ ತೋಟದ ಚಿತ್ರ ತೋರಿಸಿದೆ. ಮೇಸ್ತ್ರಿ ಮನುಷ್ಯನ ಮುಖ ನೋಡಲೇ ಇಲ್ಲ, ಎರಡು ಬೆರಳಲ್ಲಿ ಹಿಗ್ಗಿಸಿ ಹಿಂದಿದ್ದ ಕಟ್ಟಣೆಯನ್ನು ನೋಡಿದರು. "ಈತ ಬಲ್ಲ" ಅಂದರು.

ಗೋಡೆ ಎದ್ದ ಮೇಲೆ ಉಳಿದದ್ದನ್ನೆಲ್ಲ ನೀರಿನ ಕಡೆಯಿಂದ ನೋಡುವ ಅಭ್ಯಾಸವಾಯಿತು. ಮೇಲಿನ ತಟ್ಟಿನಲ್ಲಿ ಒಂದು ಅಂಜೂರದ ಮರ, ಎಂಥ ಬೇಸಿಗೆಯಲ್ಲೂ ಹಸಿರು. ಅದು ಅಲ್ಲೇ ಯಾಕೆ ಅಷ್ಟು ಸೊಂಪಾಗಿದೆ ಅಂತ ಬುಡ ಬಿಡಿಸಿದರೆ ಕಲ್ಲಿನ ಬಾಯಿ, ಒಳಗೆ ನೆಲಮಾಳಿಗೆಯಂಥ ನೀರಿನ ತೊಟ್ಟಿ. ಕಮಾನು ಛಾವಣಿ, ಮೂರು ಆಳು ಆಳ. ಟಾರ್ಚು ಬಿಟ್ಟರೆ ಒಳಗೋಡೆಯ ಗಾರೆ ತಿಳಿ ಗುಲಾಬಿ ಬಣ್ಣ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು. ಇಟಲಿಯವರು ಕೊಚ್ಚೊಪೇಸ್ತೊ ಅಂದರು, ನಾನು ಸುರ್ಕಿ ಅಂದೆ. ಕನ್ನಂಬಾಡಿ ಕಟ್ಟೆಗೆ ಹಾಕಿದ ಅದೇ ಸುರ್ಕಿ ಗಾರೆಯ ದಾಯಾದಿ. ಮಳೆಗಾಲದಲ್ಲಿ ಮಾಳಿಗೆಯ ನೀರು ಕಲ್ಲಿನ ದೋಣಿಗಳಲ್ಲಿ ಹರಿದು ಈ ತೊಟ್ಟಿಗೆ ಬೀಳುತ್ತಿತ್ತು, ಬೇಸಿಗೆಯಲ್ಲಿ ಇಲ್ಲಿಂದ ತಟ್ಟಿಂದ ತಟ್ಟಿಗೆ ಇಳಿಯುತ್ತಿತ್ತು. ಪಂಪು ಬೇಡ, ಕರೆಂಟು ಬೇಡ. ಅಂಜೂರದ ಬೇರು ಗಾರೆ ಸೀಳಿದ್ದ ಒಂದು ಮೂಲೆಯಷ್ಟೇ ಹಾಳಾಗಿತ್ತು. ಮರ ಕಡಿಯಬೇಕಾಯಿತು. ಅದರ ಹಣ್ಣನ್ನು ಎರಡು ಬೇಸಿಗೆ ತಿಂದಿದ್ದೆ, ಬೇಜಾರಾಯಿತು. ಮೂಲೆಗೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆಯನ್ನೇ ಮೆತ್ತಿ, ವಾರಗಟ್ಟಲೆ ಒದ್ದೆ ಗೋಣಿ ಹೊದೆಸಿ ಇಟ್ಟೆವು.

ಹೂವಿನ ಜಗಳ ಮಾತ್ರ ಉಳಿದಿತ್ತು. ಅಂಚೆ ಕಾರ್ಡನ್ನು ಮತ್ತೆ ನೋಡುವಾಗ ಹೊಳೆಯಿತು, ಟೊಪ್ಪಿಯ ಹೆಂಗಸು ತೊಟ್ಟದ್ದು ದಪ್ಪ ಕೋಟು. ಈ ವಿಲ್ಲಾದವರು ಇಲ್ಲಿಗೆ ಬರುತ್ತಿದ್ದದ್ದು ಚಳಿಗಾಲದಲ್ಲಿ! ನವೆಂಬರಿಗೆ ಬಂದು, ಬೇಸಿಗೆ ಹತ್ತಿರವಾದಂತೆ ಗಂಟು ಕಟ್ಟಿ ಹೊರಡುತ್ತಿದ್ದರು. ತೋಟ ಮಾಡಿದ್ದೇ ಆ ತಿಂಗಳುಗಳಿಗೆ. ಡಿಸೆಂಬರಿನಲ್ಲಿ ಕೆಂಪು ಕೊಂಬು ಎತ್ತುವ ಆಫ್ರಿಕಾದ ಅಲೋ, ಜನವರಿ ಫೆಬ್ರವರಿಗೆ ಆಸ್ಟ್ರೇಲಿಯಾದ ಹಳದಿ ಮಿಮೋಸಾ, ಆಮೇಲೆ ಬಾದಾಮಿ, ಕಿತ್ತಳೆ ಹೂವಿನ ವಾಸನೆ, ಏಪ್ರಿಲಿಗೆ ಚಪ್ಪರದ ಮೇಲೆ ಬ್ಯಾಂಕ್ಸಿಯಾ ಗುಲಾಬಿ. ಅಲ್ಲಿಗೆ ಮುಗಿಯಿತು. ಬೇಸಿಗೆಯಲ್ಲಿ ಇಲ್ಲಿನ ಗಿಡ ಮಲಗುತ್ತವೆ. ಮಲಗಿದ ತೋಟವನ್ನು ನಾವು ಪೈಪು ಹಾಕಿ ಎಬ್ಬಿಸಲು ಹೋಗಿದ್ದೆವು. ನನ್ನ ಗೋಡೆ ಬಿದ್ದದ್ದಕ್ಕೂ ಮೂಲ ಅಲ್ಲೇ.

ಒಡತಿಗೆ ಇದನ್ನು ಒಪ್ಪಿಸುವುದು ಕಲ್ಲು ಕಟ್ಟುವುದಕ್ಕಿಂತ ಕಷ್ಟವಾಯಿತು. "ಅಂದರೆ ನಾನು ಬಂದಾಗ ಒಣ ಹುಲ್ಲು ನೋಡಬೇಕಾ?" ಕೇಳಿದ್ದು ನ್ಯಾಯವೇ, ದುಡ್ಡು ಅವರದು. ಕೊನೆಗೆ ಮನೆಯ ಮುಂದಿನ ಏಳನೇ ತಟ್ಟು ಅವರ ಆಗಸ್ಟಿಗೆ, ಕೆಳಗಿನ ಆರು ಹಳೆಯ ಲೆಕ್ಕಕ್ಕೆ ಅಂತ ರಾಜಿಯಾಯಿತು. ಏಳನೆಯದಕ್ಕೆ ಕಾಗದದ ಹೂ, ನೀಲಿ ಪ್ಲಂಬಾಗೊ, ಕಣಗಿಲೆ. ಜೊತೆಗೆ ನರ್ಸರಿಯಿಂದ ಹನ್ನೆರಡು ಕುಂಡ ಲಂಟಾನ. ಬಿಲ್ಲು ನೋಡಿ ನಗು ತಡೆಯಲಾಗಲಿಲ್ಲ. ಊರಲ್ಲಿ ಗುಡ್ಡೆಗಟ್ಟಲೆ ಲಂಟಾನ ಕಡಿದು ಬೆಂಕಿ ಕೊಟ್ಟರೂ ಸಾಯುವುದಿಲ್ಲ, ಇಲ್ಲಿ ಅದಕ್ಕೆ ಕುಂಡ, ಗೊಬ್ಬರ, ರಸೀದಿ. ಅಪ್ಪನಿಗೆ ಹೇಳಿದರೆ ಒಂದು ಲಾರಿ ಕಳಿಸುತ್ತೇನೆ ಅಂದರು.

ಅಪ್ಪನನ್ನು ನಗಿಸದ ವಿಷಯ ತಾಳೆ ಮರದ್ದು. ಕಾರ್ಡಿನಲ್ಲಿದ್ದ ಮೂರು ಕ್ಯಾನರಿ ತಾಳೆಗಳಲ್ಲಿ ಒಂದರ ನಡುಗರಿ ಒಂದು ಬದಿಗೆ ಬಾಗಿತ್ತು. ಗರಿಯ ಅಂಚಿನಲ್ಲಿ ಕತ್ತರಿಸಿದ ಹಾಗೆ ಕಚ್ಚು. ಗಾಳಿಗೆ ಇರಬೇಕು ಅಂದರು ಜೊತೆಯವರು. ನಾನು ಏಣಿ ಹತ್ತಿ ಗರಿಗಳ ಬುಡಕ್ಕೆ ಕಿವಿಯಿಟ್ಟೆ. ಅಪ್ಪ ಚಿಕ್ಕಂದಿನಲ್ಲಿ ತೆಂಗಿನ ಮರಕ್ಕೆ ಹೀಗೇ ಕಿವಿ ಇಡಿಸುತ್ತಿದ್ದರು. ಒಳಗಿಂದ ಕರಕರ ಸದ್ದು, ಯಾರೋ ಹಪ್ಪಳ ಮುರಿಯುವ ಹಾಗೆ. ಎರಡು ಗರಿ ಎಳೆದರೆ ಕೈಗೇ ಕಿತ್ತು ಬಂತು, ಬುಡದಲ್ಲಿ ಕೊಳೆತ ವಾಸನೆಯ ನಾರು, ನಾರಿನೊಳಗೆ ಗೂಡು ಕಟ್ಟಿ ಕೂತ ಹುಳ. ಕೆಂಪು ಮೂತಿ ಹುಳು. ನಮ್ಮದೇ ಊರಿನ ನೆಂಟ. ದಕ್ಷಿಣ ಏಷ್ಯಾದ ತೆಂಗಿನ ಹುಳು, ವ್ಯಾಪಾರದ ತಾಳೆ ಗಿಡಗಳೊಳಗೆ ಕೂತು ಪಶ್ಚಿಮಕ್ಕೆ ಹೊರಟು, 1990ರ ದಶಕದಲ್ಲಿ ಸ್ಪೇನಿಗೂ 2004ರಲ್ಲಿ ಇಟಲಿಗೂ ಬಂತು. ಕ್ಯಾನರಿ ತಾಳೆ ಎಂದರೆ ಅದಕ್ಕೆ ಪಾಯಸ. ಈ ಕರಾವಳಿಯಲ್ಲಿ ಎಷ್ಟೋ ಬೀದಿಗಳ ತಾಳೆ ಸಾಲು ಬೋಳಾಗಿ ಹೋಗಿದೆ. ಸುಳಿ ತಿಂದು ಮುಗಿಸಿದ ಮೇಲೆ ಗರಿಗಳೆಲ್ಲ ಮಡಚಿದ ಕೊಡೆಯಂತೆ ಜೋತು ಬೀಳುತ್ತವೆ, ಆಗ ಯಾರಿಗಾದರೂ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ.

ಇಲ್ಲಿ ತಾಳೆ ಎಂದರೆ ಬರೀ ಅಲಂಕಾರವಲ್ಲ. ಸಾನ್ ರೆಮೊ, ಬೋರ್ದಿಗೇರಾದವರು ಗರಿಯ ಹಬ್ಬದ ಭಾನುವಾರಕ್ಕೆ ವ್ಯಾಟಿಕನ್ನಿಗೆ ತಾಳೆ ಗರಿ ಹೆಣೆದು ಕಳಿಸುತ್ತಾರೆ. ಒಳಗಿನ ಎಳೆಗರಿಗೆ ಬಿಸಿಲು ತಾಗದ ಹಾಗೆ ತಲೆಯನ್ನು ಜುಟ್ಟು ಕಟ್ಟಿಟ್ಟು ಬೆಳ್ಳಗೆ ಮಾಡುತ್ತಾರೆ. 1586ರಲ್ಲಿ ರೋಮಿನ ಸಂತ ಪೀಟರ್ ಚೌಕದಲ್ಲಿ ಕಲ್ಲಿನ ದೊಡ್ಡ ಕಂಬ ನಿಲ್ಲಿಸುವಾಗ ಹಗ್ಗ ಹರಿಯುವ ಹಾಗಾಯಿತಂತೆ. ಮಾತಾಡಿದರೆ ತಲೆದಂಡ ಎಂಬ ಆಜ್ಞೆ ಮೀರಿ ಈ ಕಡೆಯ ಒಬ್ಬ ನಾವಿಕ "ಹಗ್ಗಕ್ಕೆ ನೀರು!" ಎಂದು ಕೂಗಿದನಂತೆ. ಬಹುಮಾನವಾಗಿ ಅವನ ಮನೆತನಕ್ಕೆ ಗರಿ ಒದಗಿಸುವ ಹಕ್ಕು ಸಿಕ್ಕಿತು ಎಂಬುದು ಇಲ್ಲಿನವರ ಕಥೆ. ನಮ್ಮ ಭೂತಕೋಲಕ್ಕೆ ತೆಂಗಿನ ತಿರಿ, ಅಂದರೆ ಎಳೆ ಗರಿ, ಹೇಗೋ ಇವರಿಗೆ ಇದು ಹಾಗೆ. ಆ ಕಥೆ ಹೇಳಿದ್ದೂ ಮೇಸ್ತ್ರಿಯೇ, ಸತ್ತ ಮರವನ್ನು ತುಂಡು ಮಾಡುವ ದಿನ. ತುಂಡನ್ನು ಹಾಗೇ ಬಿಡುವಂತಿಲ್ಲ, ಒಳಗೆ ಹುಳು ಬೆಳೆಯುತ್ತಲೇ ಇರುತ್ತದೆ. ಎಲ್ಲವನ್ನೂ ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸಿದೆವು.

ಎರಡನೇ ಮರದ ಸುಳಿ ಇನ್ನೂ ಗಟ್ಟಿಯಿತ್ತು. ಹಾಳಾದ ಗರಿ ಕೆತ್ತಿ ತೆಗೆದು, ಹುಳವನ್ನು ತಿನ್ನುವ ಸೂಕ್ಷ್ಮ ಜಂತುಗಳ ದ್ರಾವಣ ಹೊಯ್ದೆವು. ಮೂರನೆಯದಕ್ಕೆ ಏನೂ ಆಗಿಲ್ಲ. ಮರಗಳಿಂದ ದೂರ, ಎರಡನೇ ತಟ್ಟಿನ ಮೂಲೆಯಲ್ಲಿ ವಾಸನೆಯಿಂದ ಹುಳುವನ್ನು ಸೆಳೆದು ಹಿಡಿಯುವ ಮೋಹಕ ಬಲೆಯ ಬಕೆಟ್ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಹಸಿ ಗರಿ ಕಡಿಯಬೇಡಿ, ಗಾಯದ ವಾಸನೆಗೆ ಹುಳು ಹಾರಿ ಬರುತ್ತದೆ ಎಂದು ಒಡತಿಗೆ, ಅಕ್ಕಪಕ್ಕದವರಿಗೆ ಹೇಳಿ ಹೇಳಿ ಸಾಕಾಗಿದೆ. ಸತ್ತ ಮರದ ಜಾಗ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಏನು ನೆಡುವುದೆಂದು ಇನ್ನೂ ಚರ್ಚೆ ನಡೆದಿದೆ.

ಕೆಲಸ ಮುಗಿದಿಲ್ಲ. ಮೊದಲನೇ ತಟ್ಟು ಇನ್ನೂ ಮುಳ್ಳಿನೊಳಗೇ ಇದೆ. ಚಪ್ಪರಕ್ಕೆ ಚೆಸ್ಟ್‌ನಟ್ ಗಳ ಬರಬೇಕು. ಕಳೆದ ನವೆಂಬರಿನಲ್ಲಿ ಮತ್ತೆ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋದರೆ ಮೂರನೇ ಗೋಡೆಯ ಸಂದುಗಳಿಂದ ನೀರು ಸಣ್ಣಗೆ ಜಿನುಗಿ ಕೆಳಗಿನ ಕಣಿ ಸೇರುತ್ತಿತ್ತು. ನಾನಿಟ್ಟ ಆ ಕಲ್ಲಿನ ಎರಡೂ ಬದಿಯಿಂದ ಕೂಡ. ವಿಡಿಯೊ ಮಾಡಿ ಅಪ್ಪನಿಗೆ ಕಳಿಸಿದೆ. ಒಂದು ಹೆಬ್ಬೆರಳು ಬಂತು. ಹಿಂದೆಯೇ ಪ್ರಶ್ನೆ: "ಬಕೆಟ್ಟಿನಲ್ಲಿ ಎಷ್ಟು?"

ಭಾನುವಾರ ಭಾನುವಾರ ಲೆಕ್ಕ ಹೇಳಿಕೊಳ್ಳುತ್ತೇವೆ. ಈ ವಾರ ನನ್ನದರಲ್ಲಿ ನಾಲ್ಕು, ಅಪ್ಪನದರಲ್ಲಿ ಹನ್ನೊಂದು.